ಮಧ್ಯಾಹ್ನದ ಊಟಕ್ಕೆ ನೂರು ವರ್ಷದ ಮರ

ಸ್ಪೇನಿನ ಉತ್ತರ ಭಾಗದಲ್ಲಿ, ಎಬ್ರೊ ನದಿಯ ಬಯಲಿನ ರಿಯೋಹಾ ಸೀಮೆಯಲ್ಲಿ ಕ್ರಿಯಾಂಸಾ ಎಂಬ ಕೆಂಪು ವೈನ್ ಇದೆ. ದೊಡ್ಡಸ್ತಿಕೆಯದ್ದೇನಲ್ಲ. ದಿನಸಿ ಸಾಮಾನಿನ ಜೊತೆ ಚೀಲಕ್ಕೆ ಹಾಕಿಕೊಂಡು ಬರುವಂಥದ್ದು. ಬಾಟಲಿಯ ಬೆನ್ನಿಗೆ ಅಂಟಿಸಿದ ಕೆಂಪು ಚೀಟಿಯೇ ಅದರ ಗುರುತು. ಆಲೂಗೆಡ್ಡೆಗೆ ಚೊರಿಸೊ ಎಂಬ ಸಾಸೇಜ್ ಸೇರಿಸಿ ಕುದಿಸಿದ ಮನೆಯೂಟದ ಜೊತೆ, ಮಾತಿನ ನಡುವೆ ಗುಟುಕರಿಸಿ ಮುಗಿಸುತ್ತಾರೆ.

ಆದರೆ ಆ ಚೀಟಿ ಸುಮ್ಮನೆ ಸಿಗುವುದಿಲ್ಲ. ವೈನ್ ಕನಿಷ್ಠ 2 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು. 225 ಲೀಟರಿನ ಪೀಪಾಯಿ ಅದು, ಅಂದರೆ 300 ಬಾಟಲಿ. ಪೀಪಾಯಿಗೆ ಕಡಿಯುವ ಓಕ್ ಮರಕ್ಕೆ ಸಾಮಾನ್ಯವಾಗಿ ಎಂಬತ್ತು, ನೂರು ವರ್ಷ ಆಗಿರುತ್ತದೆ. ಸೀಳಿದ ಹಲಗೆಗಳನ್ನು ಮಳೆ ಬಿಸಿಲಿಗೆ ಒಡ್ಡಿ ವರ್ಷಗಟ್ಟಲೆ ಬಿಡುತ್ತಾರೆ. ಮರದ ಒಗರು ಆ ಮಳೆಯಲ್ಲೇ ಇಳಿಯಬೇಕು. ಆಮೇಲೆ ಬೆಂಕಿಯ ಕಾವಿನಲ್ಲಿ ಬಗ್ಗಿಸಿ, ಒಳಮೈಯನ್ನು ಸುಡುತ್ತಾರೆ. ಹಲಗೆ ಹಲಗೆಯ ನಡುವೆ ಅಂಟಿಲ್ಲ. ಕಬ್ಬಿಣದ ಪಟ್ಟಿಯ ಬಿಗಿತ, ನೆಂದು ಉಬ್ಬಿದ ಮರದ ಒತ್ತಡ, ಅಷ್ಟರಿಂದಲೇ ಹನಿ ಸೋರದು.

ಹಾಗೆ ಸುಟ್ಟ ಮರದಲ್ಲಿ ಹುಟ್ಟುವ ವೆನಿಲಿನ್, ಮಲೆನಾಡಿನವರು ಒಂದು ಕಾಲಕ್ಕೆ ರಾತ್ರಿಯಿಡೀ ಕಾವಲು ಕಾದ ವೆನಿಲ್ಲಾ ಕೋಡಿನಲ್ಲಿರುವ ವಸ್ತುವೇ. ಬಳ್ಳಿಗೂ ಮರಕ್ಕೂ ಯಾವ ನಂಟು? ಅಮೆರಿಕದ ಓಕ್ ಆದರಂತೂ ತುರಿದ ತೆಂಗಿನಕಾಯಿಯ ಪರಿಮಳವೂ ಬೆರೆಯುತ್ತದೆ. ದ್ರಾಕ್ಷಿಯಲ್ಲಿ ಇವೆರಡೂ ಇರಲಿಲ್ಲ.

ಈ ಸೀಮೆಯ ಭಾಗ್ಯ ತೆರೆದದ್ದೂ ಅಮೆರಿಕದಿಂದ ಬಂದ ಒಂದು ಹೇನಿನಿಂದ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಆ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿನ್ನತೊಡಗಿದಾಗ ಬೋರ್ಡೋದ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಆರೊ ಊರಿನ ರೈಲು ನಿಲ್ದಾಣದ ಸುತ್ತ ವೈನ್ ಮನೆಗಳು ಎದ್ದವು. ಶತಮಾನ ಮುಗಿಯುವುದರೊಳಗೆ ಹೇನು ರಿಯೋಹಾಕ್ಕೂ ಬಂತು, ಅದು ಬೇರೆ ಮಾತು.

ಆರೊದ ಕೆಲವು ಹಳೆಯ ಮನೆಗಳಲ್ಲಿ ವೈನನ್ನು ಪೀಪಾಯಿಯಿಂದ ಪೀಪಾಯಿಗೆ ಇಳಿಸುವ ಕೆಲಸ ಇಂದಿಗೂ ಕೈಯಿಂದಲೇ. ಮುಂದೆ ಒಂದು ಮೇಣದಬತ್ತಿ. ಕೆಲಸಗಾರ ಹರಿಯುವ ವೈನನ್ನು ಗ್ಲಾಸಿನಲ್ಲಿ ಹಿಡಿದು ಬೆಳಕಿಗೆ ಒಡ್ಡುತ್ತಾನೆ. ಮಾಣಿಕ್ಯದಂತೆ ತಿಳಿಯಾಗಿದ್ದರೆ ಹರಿಯಲಿ. ಗಷ್ಟಿನ ಎಳೆಯೊಂದು ಕಂಡಿತೋ, ಅಲ್ಲಿಗೆ ನಿಂತಿತು. ಅಗ್ಗದ ಬಾಟಲಿಗೆಲ್ಲ ಯಾರೂ ಮೇಣದಬತ್ತಿ ಹಚ್ಚುವುದಿಲ್ಲ, ಅಲ್ಲಿ ಪಂಪೇ ಗತಿ. ಒಮ್ಮೆ ಬಳಸಿದ ಪೀಪಾಯಿಯನ್ನೇ ಮತ್ತೆ ಮತ್ತೆ ತುಂಬುತ್ತಾರೆ. ಬೆಲೆ ಕೈಗೆಟುಕುವಂತೆ ಉಳಿಯಲು ಅದೂ ಒಂದು ಕಾರಣ. ಆದರೆ ಆ ಎರಡು ವರ್ಷವನ್ನು ಒಂದು ದಿನವೂ ತಗ್ಗಿಸುವಂತಿಲ್ಲ. ಹಲಗೆಯ ಸಂದಿನಿಂದ ಗಾಳಿ ಇಷ್ಟಿಷ್ಟೇ ಒಳಬಂದು ಒಗರನ್ನು ಮೆತ್ತಗಾಗಿಸಬೇಕು.

ಐದು ವರ್ಷ ಮಾಗಿದ ಗ್ರಾನ್ ರೆಸೆರ್ವಾ ನನ್ನನ್ನು ಅಷ್ಟು ಬೆರಗುಗೊಳಿಸುವುದಿಲ್ಲ. ಹೆಚ್ಚು ಕಾದವರು ಹೆಚ್ಚು ಬೆಲೆ ಕೇಳುತ್ತಾರೆ, ಲೆಕ್ಕ ಸರಿಹೋಯಿತು. ಕೆಂಪು ಚೀಟಿಯ ಬಾಟಲಿಯಲ್ಲಿ ಮಾತ್ರ ಈ ಲೆಕ್ಕ ನನಗೆ ಕೂಡುವುದೇ ಇಲ್ಲ. ಲೊಗ್ರೋಞೊ ಪಟ್ಟಣದ ಲೌರೆಲ್ ಬೀದಿಯಲ್ಲಿ ಸಂಜೆ ಜನ ನಿಂತೇ ಒಂದು ಗ್ಲಾಸ್ ಕ್ರಿಯಾಂಸಾ ಕೇಳುತ್ತಾರೆ, ಬೆಳ್ಳುಳ್ಳಿ ಹಾಕಿ ಸುಟ್ಟ ಅಣಬೆಯ ಜೊತೆ ನಾಲ್ಕು ಗುಟುಕಿನಲ್ಲಿ ಮುಗಿಸುತ್ತಾರೆ, ಬಾಯಿ ಒರೆಸಿಕೊಂಡು ಪಕ್ಕದ ಅಂಗಡಿಗೆ ನಡೆದು ಅದನ್ನೇ ಇನ್ನೊಂದು ಕೇಳುತ್ತಾರೆ.