ಕೊಳಲು ಮಾಡುವ ಮೊದಲೇ ಕೇಳಬೇಕಾದವರು

ಅಮರ್ತ್ಯ ಸೇನ್ 2009ರಲ್ಲಿ ಹೊರತಂದ ‘ದಿ ಐಡಿಯಾ ಆಫ್ ಜಸ್ಟಿಸ್’ನಲ್ಲಿ ಮೂವರು ಮಕ್ಕಳು ಒಂದು ಕೊಳಲಿಗಾಗಿ ವಾದಕ್ಕೆ ನಿಲ್ಲುತ್ತಾರೆ. ನುಡಿಸಲು ಬರುವುದು ಆನ್‌ಗೆ ಮಾತ್ರ. ಬಾಬ್ ಕಡುಬಡವ, ಆಡಲು ಬೇರೇನೂ ಇಲ್ಲ. ಕಾರ್ಲಾ ತಿಂಗಳುಗಟ್ಟಲೆ ದುಡಿದು ಅದನ್ನು ಮಾಡಿದವಳು. ಮೂವರ ಮಾತಿನಲ್ಲೂ ಹುರುಳಿದೆ. ಯಾವುದನ್ನೂ ಸಲೀಸಾಗಿ ತಳ್ಳಿಹಾಕಲಾಗದು ಎನ್ನುತ್ತಾರೆ ಸೇನ್. ಆದರೆ ತೀರ್ಪು ಹೇಳುವ ಕುರ್ಚಿಯಲ್ಲಿ ಮಕ್ಕಳಿಲ್ಲ.

ತಂತ್ರಜ್ಞಾನದ ಲೋಕದಲ್ಲಿ ಆ ಕುರ್ಚಿ ಇನ್ನಷ್ಟು ಎತ್ತರದ್ದು. ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಘೋಷಿಸಿದ ‘ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಪೆರು ದೇಶವೊಂದೇ 8 ಲಕ್ಷಕ್ಕೂ ಹೆಚ್ಚು ಯಂತ್ರ ಕೊಂಡಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂದಾಗ, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಅಂಕ ಏರಿರಲಿಲ್ಲ. ಸಾಮಾನ್ಯ ಗ್ರಹಣಶಕ್ತಿಯಲ್ಲಿ ಒಂದಿಷ್ಟು ಮುನ್ನಡೆ ಕಂಡಿತ್ತು, ಅಷ್ಟೇ. ಬಾಬ್‌ನ ಕೈಗೇನೋ ಕೊಳಲು ಬಂತು. ಎಂಥ ಕೊಳಲು ಬೇಕಪ್ಪಾ ಎಂದು ಆ ಹಳ್ಳಿಗಳ ಮಕ್ಕಳನ್ನು ಕೇಳಿ ಮಾಡಿದ್ದಂತೂ ಅದಲ್ಲ.

ಕೇಳಿದವರೂ ಇದ್ದಾರೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಲಿಸನ್ ಡ್ರೂಯಿನ್ 1998ರಲ್ಲಿ ಕಟ್ಟಿದ ಕಿಡ್ಸ್‌ಟೀಮ್‌ನಲ್ಲಿ 7ರಿಂದ 11 ವರ್ಷದ ಮಕ್ಕಳು ಸಂಶೋಧಕರ ಜೊತೆಗೂಡಿ ವಿನ್ಯಾಸ ಮಾಡಿದರು. ಮಗು ಬರೀ ಬಳಕೆದಾರ ಅಥವಾ ಪರೀಕ್ಷಕನಲ್ಲ, ವಿನ್ಯಾಸದ ಪಾಲುದಾರನೂ ಆಗಬಲ್ಲ ಎಂಬುದು ಆಕೆಯ ವಾದ. ಒಳ್ಳೆಯ ವಾದವೇ. ಆದರೆ ಶಾಲೆ ಬಿಟ್ಟ ಮೇಲೆ ವಿಶ್ವವಿದ್ಯಾಲಯಕ್ಕೆ ಬಂದುಹೋಗಲು ಯಾವ ಮಕ್ಕಳಿಗೆ ಸಾಧ್ಯ? ಸಂಜೆ ತಮ್ಮನನ್ನು ಎತ್ತಿಕೊಂಡು ಕೂರಬೇಕಾದ ಹುಡುಗಿ ಆ ಮೇಜಿನ ಸುತ್ತ ಕಾಣುವುದಿಲ್ಲ. ಕಾರ್ಲಾಳ ಪ್ರಶ್ನೆಯೂ ಹಾಗೇ ಉಳಿಯುತ್ತದೆ: ಮಗು ಕೊಟ್ಟ ಯೋಚನೆಯಿಂದ ಕಂಪನಿಗೆ ಲಾಭವಾದರೆ ಅದರಲ್ಲಿ ಮಗುವಿನ ಪಾಲೆಷ್ಟು?

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರಲ್ಲಿ ಡಿಜಿಟಲ್ ಪರಿಸರದ ಬಗ್ಗೆ ಟಿಪ್ಪಣಿ ಹೊರಡಿಸುವ ಮುನ್ನ 28 ದೇಶಗಳ 700ಕ್ಕೂ ಹೆಚ್ಚು ಮಕ್ಕಳು, ಯುವಜನರ ಮಾತು ಕೇಳಿಸಿಕೊಂಡಿತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಬಯಸುವುದೂ ಅದನ್ನೇ. ಕೇಳಿಸಿಕೊಂಡರಷ್ಟೇ ಸಾಲದು, ಆ ಮಾತಿಗೆ ತೂಕ ಕೊಡಬೇಕು ಎನ್ನುತ್ತದೆ ಅದು. ಸಾಮಾನ್ಯವಾಗಿ ಎಡವುವುದು ಇಲ್ಲೇ. ಮಕ್ಕಳನ್ನು ಕೂರಿಸಿ, ಬಣ್ಣದ ಪೆನ್ನು ಕೊಟ್ಟು, ಫೋಟೊ ತೆಗೆಸಿ, ಮೊದಲೇ ನಿರ್ಧರಿಸಿದ ನಕ್ಷೆಯನ್ನೇ ಜಾರಿಗೆ ತಂದರೆ ಅದು ನ್ಯಾಯದ ನಾಟಕ.

ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಎಂಬ ವ್ಯವಸ್ಥೆಯೇ ಇದೆ. ಶೌಚಾಲಯ, ರಸ್ತೆ, ಬಸ್ಸು ಎಂದು ಮಕ್ಕಳು ಅಲ್ಲಿ ಎದ್ದುನಿಂತು ಕೇಳುತ್ತಾರೆ. ಸರ್ಕಾರಿ ಶಾಲೆಗೆ ಆಪ್ ಇಲ್ಲವೇ ಟ್ಯಾಬ್ ತರುವವರು ಟೆಂಡರ್ ಕರೆಯುವ ಮುನ್ನ ಆ ಸಭೆಗೆ ಹೋಗಲಿ. ಮಕ್ಕಳು ಬೇಡವೆಂದದ್ದನ್ನು ಕೈಬಿಡುವ ಸಿದ್ಧತೆಯೊಂದಿಗೇ ಹೋಗಲಿ.