ಬರಲಿರುವವನಿಗಾಗಿ ಕಟ್ಟಿದ ಮನೆ

ನಿಮ್ಮದಲ್ಲದ ಒಂದು ಮನೆಯಲ್ಲಿ ನೀವು ವಾಸವಾಗಿದ್ದೀರಿ ಎಂದಿಟ್ಟುಕೊಳ್ಳಿ. ಇನ್ನು ಎಷ್ಟು ವರ್ಷವೋ ತಿಳಿಯದು, ಒಂದು ದಿನ ಅದನ್ನು ಬಿಟ್ಟು ಹೋಗಲೇಬೇಕು. ನಿಮ್ಮ ಬಳಿಕ ಬರುವವರು ಯಾರೆಂಬುದೂ ಗೊತ್ತಿಲ್ಲ. ಮಳೆಗಾಲದಲ್ಲಿ ಛಾವಣಿ ಸೋರುತ್ತದೆ. ಕೆಳಗೆ ಒಂದು ಪಾತ್ರೆ ಇಟ್ಟು ದಿನ ದೂಡುತ್ತೀರೋ, ಸ್ವಂತ ಹಣ ಹಾಕಿ ಛಾವಣಿಯನ್ನೇ ಹೊಸದಾಗಿ ಮಾಡಿಸುತ್ತೀರೋ?

ಇಂಗ್ಲೆಂಡಿನ ಹಳ್ಳಿಗಳ ಗುರುಗಳನ್ನು ನೂರಾರು ವರ್ಷ ಕಾಡಿದ ಪ್ರಶ್ನೆ ಇದು. ಅಲ್ಲಿ ಗುರುನಿವಾಸವನ್ನು 'ರೆಕ್ಟರಿ' ಎನ್ನುತ್ತಾರೆ. ಊರಿನ ಬೆಳೆಯ ದಶಮಾಂಶವನ್ನು ಪೂರ್ತಿಯಾಗಿ ಪಡೆಯುವ ಹಕ್ಕಿದ್ದ ಗುರುವೇ ರೆಕ್ಟರ್. ಮನೆ ಅವನದೇ, ಆದರೆ ಆ ಸ್ಥಾನದಲ್ಲಿ ಇರುವಷ್ಟು ಕಾಲ ಮಾತ್ರ. ಮಾರುವಂತಿಲ್ಲ, ಮಕ್ಕಳಿಗೆ ಬರೆದುಕೊಡುವಂತಿಲ್ಲ. ಹೀಗೆ ಯಾರದೂ ಆಗದ ಮನೆಯ ಗತಿ ಏನೆಂದು ನಮಗೆಲ್ಲ ಗೊತ್ತು. ಸಸೆಕ್ಸ್ ಪ್ರಾಂತ್ಯದ ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿ ಮಧ್ಯಯುಗದ ಒಂದು ಗುರುನಿವಾಸ ಇದೆ. ಮರದ ಚೌಕಟ್ಟು, ಹುಲ್ಲಿನ ಹೊದಿಕೆ, ನೆಲದಿಂದ ಸೂರಿನವರೆಗೆ ತೆರೆದುಕೊಂಡ ನಡುಮನೆ. ಅದು ಎಷ್ಟು ಹಾಳುಬಿದ್ದಿತ್ತೆಂದರೆ, 1896ರಲ್ಲಿ ನ್ಯಾಷನಲ್ ಟ್ರಸ್ಟ್ ಅದನ್ನು ಕೊಂಡದ್ದು ಕೇವಲ 10 ಪೌಂಡಿಗೆ. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಅದು.

ಕಾನೂನು ಸುಮ್ಮನಿರಲಿಲ್ಲ. ಮನೆಯನ್ನು ಕೆಡಿಸಿಟ್ಟು ಹೋದ ಗುರುವಿನಿಂದ, ಅವನು ಸತ್ತಿದ್ದರೆ ಅವನ ಆಸ್ತಿಯಿಂದ, ಹೊಸ ಗುರು ದುರಸ್ತಿಯ ಖರ್ಚನ್ನು ವಸೂಲು ಮಾಡಬಹುದಾಗಿತ್ತು. ನ್ಯಾಯವೇ ಸರಿ. ಆದರೆ ಸುಧಾರಣೆಯ ನಂತರ ಆಂಗ್ಲಿಕನ್ ಗುರುಗಳು ಸಂಸಾರಿಗಳಾದರಲ್ಲ, ಆಗ ಈ ನ್ಯಾಯದ ಏಟು ಯಾರ ಮೇಲೆ ಬಿತ್ತು ಯೋಚಿಸಿ. ಗಂಡನನ್ನು ಕಳೆದುಕೊಂಡವಳು ಮನೆಯನ್ನೂ ಖಾಲಿ ಮಾಡಬೇಕು, ಸೋರಿದ ಛಾವಣಿಯ ಲೆಕ್ಕವನ್ನೂ ತೀರಿಸಬೇಕು!

ಈಗ ಜಾರ್ಜ್ ಹರ್ಬರ್ಟರ ವಿಷಯಕ್ಕೆ ಬರೋಣ. ಇವರು ನಮ್ಮ ಕಥೋಲಿಕ ಸಭೆಯವರಲ್ಲ, ಆಂಗ್ಲಿಕನ್ ಗುರು, ಕವಿಯಾಗಿ ಪ್ರಸಿದ್ಧರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಅಧಿಕೃತ ಭಾಷಣಕಾರರಾಗಿ ಮೆರೆದವರು 1630ರಲ್ಲಿ ಸಾಲ್ಸ್‌ಬರಿ ನಗರದ ಸಮೀಪದ ಬೆಮರ್ಟನ್ ಎಂಬ ಹಳ್ಳಿಗೆ ರೆಕ್ಟರಾಗಿ ಬಂದರು. ಅವರ ಜೀವನಚರಿತ್ರೆಯನ್ನು 1670ರಲ್ಲಿ ಪ್ರಕಟಿಸಿದ ಐಸಾಕ್ ವಾಲ್ಟನ್ ಹೇಳುವಂತೆ, ಹಿಂದಿನ ಗುರು ಹದಿನಾರಿಪ್ಪತ್ತು ಮೈಲಿ ಆಚೆ ಇದಕ್ಕಿಂತ ಒಳ್ಳೆಯ ಮನೆಯಲ್ಲಿ ಇದ್ದುಬಿಟ್ಟಿದ್ದರು. ಹಾಗಾಗಿ ಈ ಮನೆಯ ಹೆಚ್ಚಿನ ಭಾಗ ಕುಸಿದಿತ್ತು. ಹರ್ಬರ್ಟರು ಯಾರ ಮೇಲೂ ದೂರು ಹೊರಿಸದೆ ಸ್ವಂತ ಖರ್ಚಿನಲ್ಲಿ ಅದನ್ನು ಮತ್ತೆ ಕಟ್ಟಿಸಿದರು. ಕಟ್ಟಿಸಿದ ಮೇಲೆ ನಡುಮನೆಯ ಬೆಂಕಿಗೂಡಿನ ಮೇಲ್ಭಾಗದಲ್ಲಿ ಒಂದು ಪುಟ್ಟ ಪದ್ಯ ಕೆತ್ತಿಸಿದರು. ಅದು ಅವರ ಉತ್ತರಾಧಿಕಾರಿಗೆ. ನಿನಗೆ ಖರ್ಚಿಲ್ಲದೆ ಮನೆ ದೊರೆತಿದ್ದರೆ ಬಡವರನ್ನು ನೋಡಿಕೋ ಎಂಬುದು ಅದರ ತಾತ್ಪರ್ಯ.

ಆ ಮನೆಯಲ್ಲಿ ಅವರು ಬಾಳಿದ್ದು ಮೂರು ವರ್ಷವೂ ಪೂರ್ತಿಯಲ್ಲ. 1633ರಲ್ಲಿ, 39ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಪತ್ನಿ ಜೇನ್ ಇದ್ದರು. ಸಹೋದರಿಯ ಅನಾಥ ಹೆಣ್ಣುಮಕ್ಕಳನ್ನೂ ಆಶ್ರಯ ಕೊಟ್ಟು ಸಾಕುತ್ತಿದ್ದರು. ಮನೆ ಇವರಾರಿಗೂ ಬರುವಂಥದ್ದಾಗಿರಲಿಲ್ಲ.

ಇಲ್ಲಿ ಗೃಹಿಣಿಯರು ಒಂದು ಮಾತು ಕೇಳಿಯೇ ಕೇಳುತ್ತೀರಿ. ಹೆಂಡತಿಗೆ ಉಳಿಯದ ಮನೆಗೆ ಹಣ ಸುರಿದದ್ದು ಸರಿಯೇ? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಹರ್ಬರ್ಟರು ಶ್ರೀಮಂತ ಮನೆತನದವರು. ಅರೆಹೊಟ್ಟೆಯ ಮಕ್ಕಳನ್ನು ಕಟ್ಟಿಕೊಂಡ ಬಡ ಗುರುವೊಬ್ಬ ಹೀಗೆ ಮಾಡಿದ್ದರೆ ನಾನಂತೂ ಹೊಗಳುತ್ತಿರಲಿಲ್ಲ. ಇದ್ದವರು ಕೊಟ್ಟರು, ಅಷ್ಟೆ. ಆದರೆ ಇದ್ದವರೆಲ್ಲ ಕೊಡುವುದಿಲ್ಲವಲ್ಲ. ಅವರ ಹಿಂದಿನ ಗುರುವಿಗೂ ಇತ್ತು. ಪವಿತ್ರ ಗ್ರಂಥದ ಉಪದೇಶಕನು, ನನ್ನ ದುಡಿಮೆಯ ಫಲ ನನ್ನ ನಂತರದವನ ಪಾಲಾಗುತ್ತದೆ, ಅವನು ಜ್ಞಾನಿಯೋ ಮೂಢನೋ ಯಾರು ಬಲ್ಲರು ಎಂದು ಕೊರಗುತ್ತಾನೆ. ಬೆಮರ್ಟನ್ನಿನ ಗುರುವಿಗೂ ಅದು ತಿಳಿದಿರಲಿಲ್ಲ. ಆದರೂ ಕಟ್ಟಿದರು. ಋಣವನ್ನು ನನಗೆ ತೀರಿಸು ಎನ್ನಲಿಲ್ಲ, ಬಡವರ ಕಡೆಗೆ ತಿರುಗಿಸಿದರು.

ಮುಂದಿನವರ ಹೆಸರಿನಲ್ಲಿ ಕಟ್ಟುವುದಕ್ಕೆ ಇನ್ನೊಂದು ದಾರಿಯೂ ಇದೆ. 1776ರ ಒಂದು ಕಾಯಿದೆ ಗುರುಗಳಿಗೆ ತಮ್ಮ ಸ್ಥಾನದ ಆದಾಯವನ್ನೇ ಅಡವಿಟ್ಟು ಸಾಲ ತೆಗೆದು ನಿವಾಸ ಕಟ್ಟಲು ಅವಕಾಶ ಕೊಟ್ಟಿತು. ಕಂತುಗಳನ್ನು ಅವರೂ ಕಟ್ಟಬೇಕು, ತೀರದೇ ಉಳಿದದ್ದನ್ನು ನಂತರ ಬಂದವರು ಕಟ್ಟಬೇಕು. ಹಾಳುಬಿದ್ದ ಎಷ್ಟೋ ನಿವಾಸಗಳು ಇದರಿಂದ ಸರಿಹೋದವು, ನಿಜ. ಆ ಕಾಲದಲ್ಲಿ ಮತ್ತು ಅದರ ಮುಂದಿನ ಶತಮಾನದಲ್ಲಿ ಆಳುಕಾಳುಗಳು, ಕುದುರೆ ಲಾಯ, ಸಾಲು ಸಾಲು ಕೋಣೆಗಳ ಭಾರಿ ರೆಕ್ಟರಿಗಳೂ ಎದ್ದವು. ಬೇಕಾದದ್ದು ಇವರಿಗೆ, ಬಾಕಿ ಅವರಿಗೆ! ಇಪ್ಪತ್ತನೆಯ ಶತಮಾನ ಬಂದಾಗ ಆ ಮನೆಗಳನ್ನು ಬೆಚ್ಚಗಿಡುವುದಕ್ಕೇ ಗುರುಗಳ ಸಂಬಳ ಸಾಲದಾಯಿತು. ಆಂಗ್ಲಿಕನ್ ಸಭೆ ಅವುಗಳನ್ನು ಒಂದೊಂದಾಗಿ ಮಾರಿ, ಗುರುಗಳಿಗೆ ಸಾಧಾರಣ ಮನೆಗಳನ್ನು ಮಾಡಿಕೊಟ್ಟಿತು. ಇಂದು ಇಂಗ್ಲೆಂಡಿನಲ್ಲಿ 'ಹಳೆಯ ರೆಕ್ಟರಿ' ಎಂದರೆ ಸ್ಥಿತಿವಂತರು ಮುಗಿಬಿದ್ದು ಕೊಳ್ಳುವ ಬಂಗಲೆ.

ಬೆಮರ್ಟನ್ನಿನ ಮನೆಯೂ ಮಾರಾಟವಾಯಿತು. ಅದನ್ನು ಕೊಂಡು ದುರಸ್ತಿ ಮಾಡಿಸಿದವರು ನಮ್ಮ ದೇಶದ ಲೇಖಕ ವಿಕ್ರಮ್ ಸೇಠ್. 2011ರ ತಮ್ಮ ಪುಸ್ತಕವೊಂದರಲ್ಲಿ ಆ ಮನೆಯ ಬಗ್ಗೆ, ಹರ್ಬರ್ಟರ ಬಗ್ಗೆ ಬರೆದಿದ್ದಾರೆ. ಖರ್ಚಿಲ್ಲದೆ ದೊರೆತ ಮನೆ ಎಂಬ ಮಾತು, ಹಣ ತೆತ್ತು ಕೊಂಡವರಿಗೆ ಹೇಗೆ ಅನ್ವಯಿಸಬೇಕೋ ಹರ್ಬರ್ಟರನ್ನೇ ಕೇಳಬೇಕು. ಅವರು ಹೆಚ್ಚು ದೂರದಲ್ಲೇನೂ ಇಲ್ಲ. ಮನೆಯ ಹಿಂದಿನ ತೋಟ ನ್ಯಾಡರ್ ಹೊಳೆಗೆ ಇಳಿಯುತ್ತದೆ. ಮುಂದೆ ರಸ್ತೆ ದಾಟಿದರೆ ಸಂತ ಅಂದ್ರೆಯರ ಪುಟ್ಟ ದೇವಾಲಯ. ಅಲ್ಲಿಯೇ ಅವರ ಸಮಾಧಿ.