ಅಗ್ಗದ ರಥವೂ ಬಲವದನಿಷ್ಟವೂ

ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಂದ ಕೆಲವು ವಾರಗಳ ಹಿಂದೆ ಒಂದು ಕಾಗದ ಬಂದಿತು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅದರಲ್ಲಿ ಹೀಗೆ ಬರೆದಿದ್ದನು: “ಮಾವ, ಇಲ್ಲಿ ಒಬ್ಬರು ತಮ್ಮ ಹಳೆಯ ಪೋರ್ಷೆ ಬಾಕ್ಸ್‌ಟರ್ ಕಾರನ್ನು 4,000 ಪೌಂಡಿಗೆ ಮಾರುತ್ತಿದ್ದಾರೆ. ಹೊಸದಾಗಿದ್ದಾಗ 30,000 ಪೌಂಡಿಗೂ ಮೀರಿದ ಬೆಲೆಯ ಕಾರು. ಹುಡುಗನಾಗಿದ್ದಾಗ ಅದರ ಚಿತ್ರವನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೆನಲ್ಲ, ಅದೇ. ಅಮ್ಮ ಬೇಡವೆನ್ನುತ್ತಾಳೆ, ಗೆಳೆಯರು ಕೊಂಡುಬಿಡು ಎನ್ನುತ್ತಾರೆ. ಇಬ್ಬರೂ ಕಾರಣ ಹೇಳುವುದಿಲ್ಲ. ನೀವಾದರೆ ಕಾರಣ ಹೇಳುತ್ತೀರಿ.”

ಮೋಟಾರು ಕಾರನ್ನು ಒಂದು ದಿನವೂ ನಡೆಸದ ನಿವೃತ್ತ ಉಪಾಧ್ಯಾಯನನ್ನು ಇಂತಹ ವಿಷಯದಲ್ಲಿ ಕೇಳುವುದು ವಿನೋದವೆಂದು ವಾಚಕರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಯೋಚಿಸಿ ನೋಡಲಾಗಿ ಅವನು ಕೇಳಿದುದು ಯಂತ್ರದ ಪ್ರಶ್ನೆಯಲ್ಲ, ಪ್ರವೃತ್ತಿಯ ಪ್ರಶ್ನೆ. ಮನುಷ್ಯನು ಏನನ್ನು ತಿಳಿದು ಒಂದು ಕಾರ್ಯಕ್ಕೆ ಕೈಹಾಕುತ್ತಾನೆ ಎಂಬುದನ್ನು ನಮ್ಮ ನೈಯಾಯಿಕರು ಬಹು ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಇದು ನನ್ನ ಪ್ರಯತ್ನದಿಂದ ಆಗತಕ್ಕುದು. ಇದರಿಂದ ನನ್ನ ಇಷ್ಟವು ಸಿದ್ಧಿಸುವುದು. ಇದಕ್ಕೆ ಬಲವತ್ತಾದ ಅನಿಷ್ಟವು ಅಂಟಿಕೊಂಡಿಲ್ಲ. ಈ ಮೂರು ತಿಳಿವಳಿಕೆಗಳು ಕೂಡಿದಲ್ಲಿ ಮನುಷ್ಯನು ಪ್ರವರ್ತಿಸುತ್ತಾನೆಂದು ಅವರ ಮತ. ಮೂರನೆಯದಕ್ಕೆ ಅವರು ಕೊಡುವ ದೃಷ್ಟಾಂತವು ಜೇನೂ ವಿಷವೂ ಬೆರೆತ ಅನ್ನ. ಹಸಿದವನಿಗೆ ಅದು ಕೈಗೆಟಕುವುದು, ರುಚಿಯಾಗಿಯೂ ಇರುವುದು. ಆದರೂ ವಿಷವಿದೆಯೆಂದು ಬಲ್ಲವನು ಉಣ್ಣಲಾರನು.

ಪಾಠಶಾಲೆಯಲ್ಲಿ ಈ ಭಾಗವನ್ನು ಹೇಳಿಸಿಕೊಳ್ಳುತ್ತಿದ್ದಾಗ ನಮ್ಮ ಗುರುಗಳು ‘ಬಲವತ್’ ಎಂಬ ವಿಶೇಷಣದ ಮೇಲೆ ಬೆರಳಿಟ್ಟು ನಿಲ್ಲಿಸುತ್ತಿದ್ದರು. ಅನಿಷ್ಟವೇ ಇಲ್ಲದ ಕಾರ್ಯವು ಲೋಕದಲ್ಲಿಲ್ಲ. ಅಡಿಗೆ ಮಾಡಿದರೆ ಹೊಗೆ ಕಣ್ಣಿಗೆ ಬೀಳುವುದು. ಅದಕ್ಕಾಗಿ ಯಾರೂ ಒಲೆ ಆರಿಸಲಿಲ್ಲ. ಅನಿಷ್ಟವುಂಟೇ ಎಂಬುದಲ್ಲ ಕೇಳಬೇಕಾದುದು. ಅದು ಇಷ್ಟಕ್ಕಿಂತ ಬಲವಾದುದೇ ಎಂಬುದು.

ಇನ್ನು ಆ ಕಾರಿನ ಸಂಗತಿ. ಅಳಿಯನು ಕಳುಹಿಸಿದ ಬರವಣಿಗೆಗಳನ್ನೆಲ್ಲ ಮೂರು ರಾತ್ರಿ ಕುಳಿತು ಓದಿದೆನು. 1993ರಲ್ಲಿ ಡೆಟ್ರಾಯಿಟಿನ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿಕೊಂಡು, 1996ರಲ್ಲಿ ಮಾರಾಟಕ್ಕೆ ಬಂದ ರಥವಿದು. ಇಬ್ಬರಿಗೆ ಮಾತ್ರ ಆಸನ, ಮೇಲ್ಹೊದಿಕೆಯನ್ನು ಮಡಿಸಿಡಬಹುದು, ಆರು ಸಿಲಿಂಡರುಗಳ ಎಂಜಿನ್ನು ಮುಂದೆ ಇರದೆ ಆಸನಗಳ ಬೆನ್ನಿಗೇ ಇರುವುದು. ಆ ಎಂಜಿನ್ನಿನ ಗರ್ಭದಲ್ಲಿ ಒಂದು ನಡುದಂಡವುಂಟು. ಅದು ಒಂದು ತುದಿಯಲ್ಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬೇರಿಂಗಿನ ಮೇಲೆ ತಿರುಗುತ್ತದೆ. ಈ ಬೇರಿಂಗು ಸವೆದು ಒಡೆದರೆ ಕವಾಟಗಳ ತಾಳ ತಪ್ಪಿ, ಅವು ಪಿಸ್ಟನ್ನುಗಳಿಗೆ ಬಡಿದು, ಎಂಜಿನ್ನೇ ನಾಶವಾಗುವುದು. ಬಹುಪಾಲು ಕಾರುಗಳಲ್ಲಿ ಇದು ಕೆಡುವುದೇ ಇಲ್ಲ. ಕೆಟ್ಟವುಗಳ ವಿಷಯದಲ್ಲಿ ಅಮೆರಿಕದಲ್ಲಿ ವ್ಯಾಜ್ಯವಾಗಿ, 2001ರಿಂದ 2005ರವರೆಗಿನ ಮಾದರಿಗಳಲ್ಲಿ ಕೆಲವಕ್ಕೆ ಸಂಬಂಧಿಸಿದಂತೆ 2013ರಲ್ಲಿ ರಾಜಿಯೂ ಆಯಿತು. ತೊಡಕೇನೆಂದರೆ, ಗೇರು ಪೆಟ್ಟಿಗೆಯನ್ನು ಕೆಳಗಿಳಿಸದೆ ಆ ಬೇರಿಂಗನ್ನು ಕಣ್ಣಾರೆ ಕಾಣುವಂತಿಲ್ಲ. ತೈಲದ ಸೋಸಕವನ್ನು ಕೊಯ್ದು ನೋಡಿ, ಲೋಹದ ಚೂರುಗಳು ಮಿನುಗಿದರೆ ಅನುಮಾನಿಸಬಹುದು, ಅಷ್ಟೆ.

ಇದೇ ಜಾತಿಯ ಇನ್ನೊಂದು ಕಾರಿದೆ, ಜಪಾನಿನ ಮಜ್ದಾ ಎಂಎಕ್ಸ್-5. 1989ರಲ್ಲಿ ಹುಟ್ಟಿ 2016ರ ಹೊತ್ತಿಗೆ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ್ದು. ಅದರ ಹಳೆಯ ಕಾರುಗಳಿಗೆ ಬರುವ ರೋಗ ತುಕ್ಕು. ಬಾಗಿಲಿನ ಕೆಳಗಿನ ತಗಡು ಮೊದಲು ಉಬ್ಬುವುದು, ಆಮೇಲೆ ತೂತಾಗುವುದು. ಬಗ್ಗಿ ನೋಡುವವನಿಗೆ ವರ್ಷಗಳ ಮುಂಚೆಯೇ ಸುಳಿವು ಸಿಕ್ಕುವುದು. ಮುನ್ಸೂಚನೆ ಕೊಟ್ಟು ಬರುವ ಅನಿಷ್ಟಕ್ಕೂ, ಕೊಡದೆ ಬರುವ ಅನಿಷ್ಟಕ್ಕೂ ಎಷ್ಟು ಅಂತರ! ಮೊದಲನೆಯದು ಸಾಲಗಾರನಂತೆ ಬಾಗಿಲು ತಟ್ಟುತ್ತದೆ. ಎರಡನೆಯದು ಕನ್ನಗಳ್ಳನಂತೆ ಒಳಗಿರುತ್ತದೆ.

ಹಾಗಾದರೆ ಪೋರ್ಷೆಯು ವಿಷಾನ್ನವೇ? ಅಲ್ಲವೆಂದು ನನ್ನ ಮತ. ನೂರು ಎಲೆಗಳನ್ನು ಹಾಕಿ ಒಂದರಲ್ಲಿ ಮಾತ್ರ ವಿಷವಿದೆಯೆಂದರೆ ಪಂಕ್ತಿಯಲ್ಲಿ ಯಾರೂ ಕೂರರು. ಅದೇ ಒಂದರಲ್ಲಿ ಹೊಟ್ಟೆ ಕೆಡಿಸುವ ಪದಾರ್ಥವಿದೆಯೆಂದರೆ, ಹೋಳಿಗೆಯ ಊಟವಾದ ಪಕ್ಷದಲ್ಲಿ, ಗಟ್ಟಿಮುಟ್ಟಾದ ಹುಡುಗರು ಕುಳಿತೇ ಕೂರುವರು. ಕಾಯಿಲೆಯಿಂದ ಎದ್ದ ಮುದುಕನು ಏಳುವನು. ಅನ್ನ ಒಂದೇ, ಅನಿಷ್ಟವೂ ಒಂದೇ. ಆದರೆ ಅದರ ಬಲವು ಉಣ್ಣುವವನ ಜಠರವನ್ನು ಅನುಸರಿಸಿದ್ದು. ‘ಈ ಅಪಾಯಕ್ಕೆ ಆ ಕಾರು ತಕ್ಕುದೇ’ ಎಂದು ಕೇಳಿ, ‘ಯಾರಿಗೆ’ ಎಂಬುದನ್ನು ಬಿಟ್ಟರೆ ಉತ್ತರ ಹೇಳುವುದು ಸಾಧ್ಯವಿಲ್ಲ. ಎಂಜಿನ್ನು ಹೋದರೂ ‘ಹೋಯಿತು, ಒಂದು ಬೇಸಗೆಯಾದರೂ ಓಡಿಸಿದೆ’ ಎಂದು ನಕ್ಕು ಬಸ್ಸು ಹತ್ತಬಲ್ಲವನಿಗೆ ಅದು ತಕ್ಕುದು. ಮರುದಿನ ಸಾಲಕ್ಕೆ ಓಡಬೇಕಾದವನಿಗೆ ಅಲ್ಲ.

ಅಗ್ಗವೆಂಬ ಮಾತಿನಲ್ಲಿಯೇ ಒಂದು ಮೋಸವಿದೆ. ಕಾರಿನ ಕ್ರಯವು ಇಪ್ಪತ್ತೈದು ವರ್ಷಗಳಲ್ಲಿ ಎಂಟನೆಯ ಒಂದು ಪಾಲಿಗೆ ಇಳಿದಿರಬಹುದು. ಅದರ ಬಿಡಿಭಾಗಗಳ ಕ್ರಯವಾಗಲಿ ಕುಶಲಕರ್ಮಿಯ ಕೂಲಿಯಾಗಲಿ ಇಳಿದಿಲ್ಲ. ಆನೆ ಮುದಿಯಾಯಿತೆಂದು ಅಗ್ಗಕ್ಕೆ ಕೊಂಡವನು ಅದರ ಮೇವನ್ನೂ ಅಗ್ಗಕ್ಕೆ ತರಬಲ್ಲನೇ?

ಆಸೆಯನ್ನೇ ಹಳಿದು ಮಾತು ಮುಗಿಸುವ ಹಿರಿಯರುಂಟು. ನಾನು ಆ ಪಂಗಡದವನಲ್ಲ. ಕಾಮವನ್ನು ಪುರುಷಾರ್ಥಗಳಲ್ಲಿ ಎಣಿಸಿದವರು ದಡ್ಡರಾಗಿರಲಿಲ್ಲ. ಪೆಟ್ಟಿಗೆಯ ಮುಚ್ಚಳದೊಳಗೆ ಇಪ್ಪತ್ತು ವರ್ಷ ಅಂಟಿಕೊಂಡಿದ್ದ ಚಿತ್ರಕ್ಕೆ ಒಂದು ಬೆಲೆಯಿದೆ. ಆದರೆ ಆಸೆಯು ಉತ್ಕಟವಾದಲ್ಲಿ, ತಿಳಿದಿದ್ದ ಅನಿಷ್ಟವೂ ಬುದ್ಧಿಗೆ ಮರೆಯಾಗುವುದೆಂದು ಅದೇ ನೈಯಾಯಿಕರು ಹೇಳಿದ್ದಾರೆ. ಮೊದಲ ಕಾಗದದಲ್ಲಿ ಬೇರಿಂಗಿನ ವಿಷಯವನ್ನು ಒಂದು ಪುಟ ಬರೆದ ಹುಡುಗನು, ಕಾರನ್ನು ಹೋಗಿ ನೋಡಿ ಬಂದ ಮೇಲಿನ ಕಾಗದದಲ್ಲಿ ಅದರ ನೀಲಿ ಬಣ್ಣವನ್ನು ಕುರಿತು ಒಂದು ಪುಟ ಬರೆದಿದ್ದನು!

ಅಳಿಯನ ಬಳಿ ಇದ್ದುದು ಒಟ್ಟು 7,000 ಪೌಂಡು. ಅದರಲ್ಲಿ ತಂದೆತಾಯಿಗಳನ್ನು ಒಮ್ಮೆ ಕರೆಸಿಕೊಂಡು ಮೂರು ತಿಂಗಳು ಇರಿಸಿಕೊಳ್ಳಲು ಮೀಸಲಿಟ್ಟ ಹಣವೂ ಸೇರಿತ್ತು. ದ್ಯೂತಸಭೆಯಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆ ನನಗೆ ಇಲ್ಲಿ ನೆನಪಾಯಿತು. ಪಣವೊಡ್ಡಿದ್ದು ಸರಿಯೇ ಎಂದು ಅವಳು ಕೇಳಲಿಲ್ಲ. ಒಡ್ಡಿದ ವಸ್ತುವಿನ ಮೇಲೆ ಆ ಹೊತ್ತಿನಲ್ಲಿ ಒಡ್ಡಿದವನಿಗೆ ಅಧಿಕಾರವಿತ್ತೇ ಎಂದು ಕೇಳಿದಳು. ತನ್ನದನ್ನು ಕಳೆದುಕೊಳ್ಳುವ ಸ್ವಾತಂತ್ರ್ಯವು ಅಳಿಯನಿಗುಂಟು. ನನ್ನ ತಂಗಿಯ ಪ್ರಯಾಣವು ಅವನದಲ್ಲ. ಹಾಗೆಯೇ ಎದುರಿನಿಂದ ಬರುವ ಅಪರಿಚಿತನ ಪ್ರಾಣವೂ ಅವನದಲ್ಲ. ಆದಕಾರಣ ಎಂಜಿನ್ನಿನ ವಿಷಯದಲ್ಲಿ ಜೂಜಾಡಿದರೂ ಬ್ರೇಕು, ಟೈರು, ಚುಕ್ಕಾಣಿಗಳ ವಿಷಯದಲ್ಲಿ ಒಂದು ಕಾಸಿನ ಚೌಕಾಸಿಯೂ ಕೂಡದು.

ಇಂಗ್ಲೆಂಡಿನ ಕಾನೂನು ಕೊಳ್ಳುವವನಿಗೆ ಸ್ವಲ್ಪ ನೆರವಾಗುತ್ತದೆ. ಮೂರು ವರ್ಷ ತುಂಬಿದ ಕಾರುಗಳಿಗೆ ಅಲ್ಲಿ ಪ್ರತಿವರ್ಷವೂ ಪರೀಕ್ಷೆಯುಂಟು. ಅದರ ಫಲಿತಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ತುಕ್ಕು ಅದರಲ್ಲಿ ಸಿಕ್ಕಿಬೀಳುವುದು. ನಡುದಂಡದ ಬೇರಿಂಗು ಸಿಕ್ಕಿಬೀಳದು. 2015ರ ಗ್ರಾಹಕ ಹಕ್ಕುಗಳ ಶಾಸನದಂತೆ, ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ದೋಷವಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ಖಾಸಗಿಯಾಗಿ ಮಾರುವವನಾದರೋ, ಆಡಿದ ಮಾತಿಗೆ ತಪ್ಪದಿದ್ದರೆ ಸಾಕು. ಆಡದ ಮಾತಿಗೆ ಅವನು ಹೆಚ್ಚುಕಡಮೆ ಹೊಣೆಯೇ ಅಲ್ಲ.

ಆಡದ ಮಾತಿನ ವಿಷಯ ನನಗೆ ಚೆನ್ನಾಗಿ ಗೊತ್ತು. 1986ರಲ್ಲಿ ನಾನು ಪಾಂಡವಪುರದ ಸಮೀಪದ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಮನೆಗೆ ಹೆಂಚು ಹೊದಿಸಲು ಕೂಡಿಟ್ಟ 3,200 ರೂಪಾಯಿಗಳಿಗೆ ಒಂದು ಹಳೆಯ ಮೋಟಾರು ಸೈಕಲ್ಲನ್ನು ಕೊಂಡೆನು. ಏರಿನಲ್ಲಿ ಅದರ ಎರಡನೆಯ ಗೇರು ತಾನಾಗಿ ಕಳಚಿಕೊಳ್ಳುತ್ತಿದ್ದಿತು. ಮಾರಿದವರು ಹೇಳಿರಲಿಲ್ಲ. ಆ ಮಳೆಗಾಲವೆಲ್ಲ ನನ್ನ ಹೆಂಡತಿ ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನಿಟ್ಟಳು. ಒಂದು ಮಾತನ್ನೂ ಆಡಲಿಲ್ಲ. ಎರಡು ವರ್ಷಗಳ ತರುವಾಯ ಅದನ್ನು ಕೊಳ್ಳಲು ರೇಷ್ಮೆ ಬೆಳೆಯುವ ಒಬ್ಬ ತರುಣನು ಬಂದನು. ಓಡಿಸಿ ನೋಡಲು ಅವನಿಗೆ ನಾನು ತೋರಿಸಿದ್ದು ಕೆರೆಯ ಏರಿಯ ಮೇಲಿನ ಸಮತಟ್ಟಾದ ದಾರಿಯನ್ನು. “ಗಾಡಿ ಸರಿಯಾಗಿದೆಯಲ್ಲವೆ, ಮೇಷ್ಟ್ರೆ?” ಎಂದು ಕೇಳಿದನು. “ನೀನೇ ಓಡಿಸಿದೆಯಲ್ಲಪ್ಪ” ಎಂದೆನು. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಿದ ಅವನು, ನಾನು ಕೇಳದಿದ್ದರೂ, “ಏರಿನಲ್ಲಿ ಗೇರು ಸ್ವಲ್ಪ ಜಾರುತ್ತೆ, ಮೇಷ್ಟ್ರೆ. ನಿಮಗೆ ಗೊತ್ತಾಗಿರಲಿಲ್ಲವೇನೋ. ರೂಢಿಯಾಯ್ತು ಬಿಡಿ” ಎಂದು ನನ್ನ ಕೈಗೆ ನಾಲ್ಕು ಬಾಳೆಯ ಹಣ್ಣು ಕೊಟ್ಟು ಹೋದನು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಳಿಯನಿಗೆ ಬರೆದ ಉತ್ತರದಲ್ಲಿ ಬರೆದೆನು. ಮಾರುವವನನ್ನು ‘ಕಾರು ಹೇಗಿದೆ’ ಎಂದು ಕೇಳಬೇಡ, ‘ಆ ಬೇರಿಂಗನ್ನು ಬದಲಾಯಿಸಿದ್ದೀರಾ, ಬದಲಾಯಿಸಿದ್ದರೆ ರಸೀತಿ ಎಲ್ಲಿ’ ಎಂದು ಕೇಳು; ಉತ್ತರವನ್ನಲ್ಲದೆ ಉತ್ತರಕ್ಕೆ ಮುಂಚಿನ ಮೌನವನ್ನೂ ಗಮನಿಸು; ಒಂದು ವೇಳೆ ಕೊಂಡರೆ, ಮುಂದೆ ಮಾರುವ ದಿನ ಎಲ್ಲವನ್ನೂ ಹೇಳಿ ಮಾರು, ಅದರಿಂದಾಗುವ ನಷ್ಟವನ್ನು ಈಗಲೇ ಕ್ರಯಕ್ಕೆ ಸೇರಿಸಿ ಲೆಕ್ಕ ಹಾಕು ಎಂದೂ ಬರೆದೆನು.

ಹತ್ತು ದಿನಗಳ ಮೇಲೆ ತಂಗಿಯು ದೂರವಾಣಿಯಲ್ಲಿ ಮಾತನಾಡಿದಳು. ಮೇ ತಿಂಗಳಿಗೆ ಇಬ್ಬರಿಗೂ ವಿಮಾನದ ಟಿಕೆಟ್ಟುಗಳು ಬಂದಿವೆಯಂತೆ. ಅಲ್ಲಿಯ ಚಳಿಗೆ ಯಾವ ಉಣ್ಣೆಯ ಬಟ್ಟೆ ಒಯ್ಯಬೇಕೆಂದು ಕೇಳಿದಳು. ಕಾರಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.